ಯಾರಿಗೂ ಗೊತ್ತಿಲ್ಲದ ಸಣ್ಣ ಕಾಲೇಜು, ನಂಗೆ ಬಿಟ್ಟುಹೋಗೋ ಮನಸ್ಸಿಲ್ಲ. ಇಂಥಲ್ಲಿ ಓದಿದೋರು ಏನಂತೀರಿ?

ಕೊಡಚಾದ್ರಿ ಹುಡುಗಿ
ನಾನು ಶಿವಮೊಗ್ಗ ಜಿಲ್ಲೆಯ ಘಟ್ಟದಂಚಿನ ಒಂದು ಸರ್ಕಾರಿ ಪ್ರಥಮ ದರ್ಜೆ ಕಾಲೇಜಲ್ಲಿ ಬಿಎ ಮೂರನೇ ಸೆಮಿಸ್ಟರ್. ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ. ಕಾಲೇಜಿನ ಹೆಸರು ಹಾಕೋದಿಲ್ಲ, ಹಾಕಿದ್ರೂ ನಮ್ಮ ಕಡೆಯೋರು ಬಿಟ್ರೆ ಯಾರಿಗೂ ಗೊತ್ತಾಗಲ್ಲ. ತರಗತೀಲಿ 14 ಜನ. ಇಡೀ ಕಾಲೇಜು ಸೇರಿದ್ರೂ 200 ದಾಟಲ್ಲ.

ನಂಗೆ ಈ ಕಾಲೇಜು ತುಂಬಾ ಇಷ್ಟ. ಆದ್ರೆ ಅಪ್ಪಂಗೆ, ಅದಕ್ಕಿಂತ ಹೆಚ್ಚಾಗಿ ದೊಡ್ಡಪ್ಪಂಗೆ, ಇದು ಲೆಕ್ಕಕ್ಕೇ ಇಲ್ಲ. ಮದುವೆ ಮನೆ, ಗೃಹಪ್ರವೇಶ ಎಲ್ಲಿ ಹೋದ್ರೂ "ಯಾವ ಕಾಲೇಜು?" ಅಂತಾರೆ. ಹೇಳಿದ ತಕ್ಷಣ "ಓ, ಅಲ್ಲಾ" ಅಂತ ಮಾತು ಬೇರೆ ಕಡೆ ತಿರುಗುತ್ತೆ. ಐದನೇ ಸೆಮಿಸ್ಟರಿಗಾದ್ರೂ ಶಿವಮೊಗ್ಗಕ್ಕೆ ಹೋಗು, ಪಿಜಿಯಲ್ಲಿರು, ನಾಲ್ಕು ಜನರ ಮಧ್ಯೆ ಬೆಳೀತೀಯ ಅಂತ ಮನೇಲಿ ಹಟ ಹಿಡಿದಿದಾರೆ.

ನಂಗೆ ಇಲ್ಲಿ ಸಿಕ್ಕಿದ್ದು ಹೇಳ್ತೀನಿ. ನಮ್ಮ ಇತಿಹಾಸದ ಸರ್ ಮೊದಲನೇ ಸೆಮಿಸ್ಟರಲ್ಲೇ ಎಪಿಗ್ರಾಫಿಯಾ ಕರ್ನಾಟಿಕಾ ಅನ್ನೋ ಶಾಸನ ಸಂಗ್ರಹದ ಎಂಟನೇ ಸಂಪುಟ ತಂದು ಮೇಜಿನ ಮೇಲಿಟ್ಟು "ನಿಮ್ಮ ನಿಮ್ಮ ಊರು ಇದ್ರಲ್ಲಿದೆಯಾ ಹುಡುಕಿ" ಅಂದ್ರು. ಬಿ.ಎಲ್. ರೈಸ್ 1904ರಲ್ಲಿ ತಂದ ಸಂಪುಟ. ಸೊರಬ, ಸಾಗರ, ನಗರ, ತೀರ್ಥಹಳ್ಳಿ ತಾಲೂಕುಗಳ ಶಾಸನಗಳಿವೆ. ಈಗಿನ ಹೊಸನಗರ ಆಗ ನಗರ ತಾಲೂಕು. ನಮ್ಮ ಪಕ್ಕದ ಊರಿನ ಹೆಸರು ಅಲ್ಲಿ ಸಿಕ್ಕಾಗ ನಂಗೆ ಕೈ ನಡುಗಿತ್ತು. ಆಮೇಲೆ ಸರ್ ನಮ್ಮನ್ನೆಲ್ಲ ಒಂದು ಅಡಿಕೆ ತೋಟದ ಬದಿಗೆ ಕರ್ಕೊಂಡು ಹೋಗಿ, ಪಾಚಿ ಹಿಡಿದು ನಿಂತಿದ್ದ ವೀರಗಲ್ಲು ಓದೋದು ಹೇಗೆ ಅಂತ ಕಲಿಸಿದ್ರು. ಕೆಳಗಿನ ಪಟ್ಟಿಯಲ್ಲಿ ಹೋರಾಟ, ನಡುವೆ ವೀರನ್ನ ಅಪ್ಸರೆಯರು ಕರ್ಕೊಂಡು ಹೋಗೋದು, ಮೇಲೆ ಅವನು ಶಿವಲಿಂಗದ ಮುಂದೆ ಕೂತಿರೋದು. ಪ್ರತಿಯೊಬ್ಬರೂ ಮುಟ್ಟಿ ನೋಡಿ, ಬರ್ಕೊಂಡು, ಸರ್ ಹತ್ರ ವಾದ ಮಾಡಿ ಬಂದ್ವಿ. 14 ಜನ ಇದ್ದಿದ್ದಕ್ಕೆ ಅದು ಆಯ್ತು.

ಈಗ ಭಿತ್ತಿಪತ್ರಿಕೆ ನನ್ನ ಕೈಲಿದೆ. ಎನ್‌ಎಸ್‌ಎಸ್‌ನಲ್ಲಿ ಇದೀನಿ, ಥ್ರೋಬಾಲ್ ತಂಡದಲ್ಲೂ ಇದೀನಿ. ಪಿಯುಸಿವರೆಗೆ ಮೈಕ್ ಕಂಡ್ರೆ ಹಿಂದೆ ಸರೀತಿದ್ದವಳು ನಾನು.

ಸಣ್ಣ ಕಾಲೇಜಲ್ಲಿ ಓದಿ ಮುಂದೆ ಹೋದೋರು ನಿಜ ಹೇಳಿ. ನಿಮಗೇನು ಸಿಕ್ತು, ಏನು ತಪ್ಪಿಹೋಯ್ತು? ಅಪ್ಪನ ಹತ್ರ ಮಾತಾಡೋಕೆ ಮುಂಚೆ ನಂಗೆ ಎರಡೂ ಗೊತ್ತಿರಬೇಕು.

ತುಂಗಾ ತೀರ
ಇಷ್ಟ ಇರೋ ಜಾಗ ಬಿಟ್ಟು ಹೋಗಬೇಡ. ಅಷ್ಟೇ.

ಜಯನಗರ ನಾಲ್ಕನೇ ಬ್ಲಾಕ್
ಅಷ್ಟೇ ಅಂದ್ರೆ ಹೇಗೆ ಸರ್? ಹುಡುಗಿ ಎರಡೂ ಕಡೆ ಕೇಳ್ತಿದಾಳೆ.

ನಾನು ಬೆಂಗಳೂರಿನ ದೊಡ್ಡ ಹೆಸರಿನ ಕಾಲೇಜಲ್ಲಿ ಬಿಕಾಂ ಮಾಡಿದ್ದು. ಒಂದೊಂದು ಸೆಕ್ಷನ್ನಲ್ಲಿ ನೂರರ ಮೇಲೆ. ಯಾವ ಲೆಕ್ಚರರಿಗೂ ನನ್ನ ಹೆಸರು ಗೊತ್ತಿರಲಿಲ್ಲ, ಅದು ನಿಜ. ಆದ್ರೆ ಕೊನೇ ವರ್ಷ ಕಂಪನಿಗಳು ಕಾಲೇಜಿಗೇ ಬಂದು ಕೆಲಸ ಕೊಟ್ಟವು. ಬೇರೆ ಬೇರೆ ರಾಜ್ಯದೋರ ಜೊತೆ ಕೂತು ಇಂಗ್ಲಿಷ್ ಬಾಯಿಗೆ ಬಂತು. ಸಣ್ಣ ಊರಿನ ಕಾಲೇಜಿಗೆ ಯಾವ ಕಂಪನಿ ಬರುತ್ತೆ ಹೇಳಿ? ಪ್ರೀತಿ ಇರಲಿ, ಬೇಡ ಅನ್ನಲ್ಲ. ಇಪ್ಪತ್ತೊಂದನೇ ವಯಸ್ಸಿಗೆ ಕೈಲಿ ಏನಿರುತ್ತೆ ಅಂತ ಅಪ್ಪ ಕೇಳೋದ್ರಲ್ಲಿ ತಪ್ಪೇನಿದೆ?

ಹುನಗುಂದದಾಂವ
ತಂಗಿ, ನಾ ಬಾಗಲಕೋಟ ಜಿಲ್ಲಾದಾಗ ಒಂದು ಸಣ್ಣ ಕಾಲೇಜಿನ್ಯಾಗ ಬಿಎಸ್ಸಿ ಮಾಡೇನಿ. ನಮ್ಮ ಬ್ಯಾಚಿನ್ಯಾಗ ಏಳೇ ಮಂದಿ. ರಸಾಯನಶಾಸ್ತ್ರದ ಪ್ರಾಕ್ಟಿಕಲ್ ಇದ್ದಾಗ ಒಬ್ಬೊಬ್ಬರಿಗೂ ಒಂದೊಂದು ಬ್ಯುರೆಟ್. ನನ್ನ ಗೆಳೆಯಾ ಹುಬ್ಬಳ್ಳ್ಯಾಗ ಓದತಿದ್ದ, ಅಲ್ಲಿ ನಾಕು ಮಂದಿಗೆ ಒಂದು. ಒಬ್ಬಾಂವ ನಳ ತಿರುವಾಂವ, ಮೂರು ಮಂದಿ ನೋಡಾವ್ರು. ಎಂಎಸ್ಸಿಗೆ ಧಾರವಾಡಕ್ಕ ಹೋದಾಗ ಕೈ ಪಳಗಿದ್ದು ಯಾರದಂತ ಒಂದ ವಾರದಾಗ ಗೊತ್ತಾತು.

ಖರೇ ಹೇಳಬೇಕಂದ್ರ ಭೌತಶಾಸ್ತ್ರದ ಲ್ಯಾಬ್ ಮಾತ್ರ ಭಾಳ ಕಷ್ಟಿತ್ತು. ಒಂದ ಸ್ಪೆಕ್ಟ್ರೋಮೀಟರ್, ಅದೂ ಕೆಟ್ಟಿತ್ತು. ಪರೀಕ್ಷಾಕ್ಕ ಪಟ್ಟಣದ ಕಾಲೇಜಿನಿಂದ ಎರವಲು ತಂದ್ರು. ಬಿಎ ಓದಾವ್ರಿಗೆ ಆ ಚಿಂತಿ ಇಲ್ಲ ಬಿಡವಾ.

ಅತಿಥಿ
ನಾನೊಬ್ಬ ಅತಿಥಿ ಉಪನ್ಯಾಸಕ. ಇಂಥದೇ ಕಾಲೇಜುಗಳಲ್ಲಿ ಪಾಠ ಮಾಡುತ್ತ ಬಂದವನು. ನಿಮ್ಮ ಬರಹ ಓದಿ ತುಂಬಾ ಸಂತೋಷವಾಯಿತಮ್ಮ. ಆದರೆ ಇಲ್ಲಿ ಯಾರೂ ಎತ್ತದ ಒಂದು ವಿಷಯ ಹೇಳಲೇಬೇಕು.

ಸಣ್ಣ ಕಾಲೇಜಿನ ಜೀವ ಇರುವುದು ದಾಖಲಾತಿಯಲ್ಲಿ. ನಮಗೆ ಕೆಲಸ ಸಿಗುವುದು ಕಾರ್ಯಭಾರದ ಲೆಕ್ಕದ ಮೇಲೆ. ಒಂದು ವಿಷಯಕ್ಕೆ ಮಕ್ಕಳು ಕಡಿಮೆಯಾದರೆ ಪಾಠದ ಗಂಟೆ ಕಡಿಮೆ, ಗಂಟೆ ಕಡಿಮೆಯಾದರೆ ಹುದ್ದೆ ಇಲ್ಲ, ಹುದ್ದೆ ಇಲ್ಲದಿದ್ದರೆ ಆ ವಿಷಯವನ್ನೇ ಕೈಬಿಡುತ್ತಾರೆ. ಆಮೇಲೆ ಆ ಊರಿನ ಬಡ ಮನೆಯ ಮಕ್ಕಳು, ಅದರಲ್ಲೂ ಹೆಣ್ಣುಮಕ್ಕಳು, ದೂರದ ಊರಿಗೆ ಹೋಗುವುದಿಲ್ಲ. ಓದನ್ನೇ ಬಿಡುತ್ತಾರೆ. ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಇನ್ನೊಂದು ಮುಖವೂ ಇದೆ. ಸೆಮಿಸ್ಟರ್ ಶುರುವಾಗಿ ಎಷ್ಟೋ ದಿನವಾದ ಮೇಲೆ ನಮ್ಮ ನೇಮಕವಾಗುತ್ತದೆ. ಅಲ್ಲಿಯವರೆಗೆ ಮಕ್ಕಳು ಬಂದು ಖಾಲಿ ಕೂರುತ್ತಾರೆ. 2023ರ ಕೊನೆಯಲ್ಲಿ ಸೇವೆ ಕಾಯಂ ಮಾಡಿ ಎಂದು ರಾಜ್ಯದಾದ್ಯಂತ ನಾವು ತರಗತಿ ಬಹಿಷ್ಕರಿಸಿ ಹೋರಾಟಕ್ಕೆ ಇಳಿದಾಗ ಹೆಚ್ಚು ಪೆಟ್ಟು ಬಿದ್ದದ್ದು ಸಣ್ಣ ಕಾಲೇಜುಗಳಿಗೇ, ಏಕೆಂದರೆ ಅಲ್ಲಿ ಕಾಯಂ ಉಪನ್ಯಾಸಕರು ಬೆರಳೆಣಿಕೆ. ನಿಮ್ಮ ಇತಿಹಾಸದ ಸರ್ ಕಾಯಂ ಇದ್ದಾರೆಯೇ? ಅವರಿಗೆ ವರ್ಗವಾದರೆ ಏನು ಗತಿ? ಇದನ್ನು ಯೋಚಿಸಿ ತೀರ್ಮಾನಿಸಿ.

ಕೊಡಚಾದ್ರಿ ಹುಡುಗಿ
ಸರ್ ಕಾಯಂ ಇದಾರೆ. ಅರ್ಥಶಾಸ್ತ್ರಕ್ಕೆ ಅತಿಥಿ ಉಪನ್ಯಾಸಕರು. ಮೇಡಂ ದಿನಾ ಸಾಗರದಿಂದ ಎರಡು ಬಸ್ ಬದಲಿಸಿ ಬರ್ತಾರೆ, ಮಳೆಗಾಲದಲ್ಲೂ ಒಂದು ದಿನ ತಪ್ಪಿಸಿದ್ದು ನಾ ನೋಡಿಲ್ಲ. ನಿಮ್ಮಂಥೋರು ಕಾಯಂ ಆಗಬೇಕು ಸರ್. ಇದನ್ನ ನಾನು ಮನಸ್ಸಿಂದ ಹೇಳ್ತಿದೀನಿ.

ಒಬ್ಬ ತಂದೆ
ನಾನು ನಿಮ್ಮ ಅಪ್ಪನ ಜಾಗದಲ್ಲಿ ನಿಂತು ಬರೀತಿದೀನಿ ಮಗಳೇ. ನಮ್ಮ ಕಾಲದಲ್ಲಿ ಊರಿನ ಹತ್ರ ಕಾಲೇಜೇ ಇರಲಿಲ್ಲ. ಅದಕ್ಕೇ ನಮಗೆ ದೊಡ್ಡ ಊರಿನ ಕಾಲೇಜು ಅಂದ್ರೆ ದೊಡ್ಡದು ಅನ್ನೋ ಭಾವನೆ ಹೋಗಿಲ್ಲ. ಸಿಟ್ಟಾಗಬೇಡ. ಅಪ್ಪನ್ನ ಒಂದು ದಿನ ಕಾಲೇಜಿಗೆ ಕರ್ಕೊಂಡು ಹೋಗು. ಅವರು ಯಾವತ್ತಾದ್ರೂ ಒಳಗೆ ಬಂದಿದಾರಾ? ನಾನು ನನ್ನ ಮಗನ ಕಾಲೇಜಿಗೆ ಹೋಗಿದ್ದು ದಾಖಲಾತಿ ದಿನ ಮಾತ್ರ.

ಪುತ್ತೂರಿನ ಚೆಂಡೆ
ಅಯ್ಯೋ, ನಮ್ಮ ಘಟ್ಟದ ಕೆಳಗಿನ ಕತೆಯೂ ಇದೇ ಮಾರಾಯ್ರೆ. ಸುಳ್ಯ ಕಡೆಯ ಸಣ್ಣ ಕಾಲೇಜು ನಮ್ಮದು. ವಾರ್ಷಿಕೋತ್ಸವಕ್ಕೆ ಯಕ್ಷಗಾನ ಆಗಬೇಕಂತ ಪ್ರಿನ್ಸಿಪಾಲರು. ಜನ ಎಲ್ಲುಂಟು? ಕುಣಿಲಿಕ್ಕೆ ಗೊತ್ತಿದ್ದವರು ಮೂವರು. ಉಳಿದವರನ್ನೆಲ್ಲ ಹಿಡಿದು ಕೂರಿಸಿ ಎರಡು ತಿಂಗಳು ಸಂಜೆ ಹೊತ್ತು ತಾಳ ಕಲಿಸಿದ್ರು. ನನಗೆ ಚೆಂಡೆ ಕೊಟ್ರು. ದೊಡ್ಡ ಕಾಲೇಜಾದ್ರೆ ಮೊದಲೇ ಬರುವವರನ್ನು ಆರಿಸ್ತಾರೆ, ನಮ್ಮಂಥವರು ಕುರ್ಚಿಯಲ್ಲಿ ಕೂತು ಚಪ್ಪಾಳೆ ತಟ್ಟಬೇಕು. ಈಗ ನಾನು ಬ್ಯಾಂಕ್ ಕೆಲಸದ ಜೊತೆಗೆ ಹವ್ಯಾಸಿ ತಂಡದಲ್ಲಿ ಬಾರಿಸ್ತೇನೆ. ಜೀವನದಲ್ಲಿ ಇದಕ್ಕಿಂತ ದೊಡ್ಡ ಖುಷಿ ನನಗೆ ಬೇರೆ ಎಂತದೂ ಇಲ್ಲ.

ನೀವು ಥ್ರೋಬಾಲಿಗೂ ಭಿತ್ತಿಪತ್ರಿಕೆಗೂ ನೀವೇ ಅಂದ್ರಲ್ಲ, ಅದೇ ವಿಷಯ. ಅಲ್ಲಿ ನೀವು ಬೇಕು. ಒಬ್ಬರು ಬರದಿದ್ರೆ ಆ ಕೆಲಸವೇ ನಿಲ್ತದೆ.

ಜಯನಗರ ನಾಲ್ಕನೇ ಬ್ಲಾಕ್
ಒಪ್ಪಿದೆ, ಇದು ಒಳ್ಳೆ ಮಾತು. ಆದ್ರೂ ಇಷ್ಟು ದೊಡ್ಡ ಭಾರ ಹತ್ತೊಂಬತ್ತು ವರ್ಷದ ಹುಡುಗಿ ಮೇಲೆ ಹೊರಿಸಬೇಡಿ. "ನೀನು ಹೋದ್ರೆ ಕಾಲೇಜು ಮುಚ್ಚುತ್ತೆ" ಅನ್ನೋ ಥರ ಮಾತು ಬರ್ತಿದೆ. ಕಾಲೇಜು ಉಳಿಸೋದು ಸರ್ಕಾರದ ಕೆಲಸ.

ಅತಿಥಿ
ಹಾಗೆ ನಾನು ಹೇಳಲಿಲ್ಲ. ಇರುವ ಸ್ಥಿತಿ ಹೇಳಿದೆ. ಅವಳು ಎಲ್ಲಿ ಓದಬೇಕು ಎನ್ನುವುದು ಅವಳ ತೀರ್ಮಾನ.

ಹೆಗ್ಗೋಡು ಹಾದಿ
ಸಣ್ಣ ಊರು ಅಂದ ತಕ್ಷಣ ಏನೂ ಇಲ್ಲ ಅನ್ನೋರಿಗೆ ಹೆಗ್ಗೋಡು ತೋರಿಸಬೇಕು. ಸಾಗರದ ಪಕ್ಕದ ಹಳ್ಳಿ. 1980ರಲ್ಲಿ ನೀನಾಸಂ ಅನ್ನೋ ನಾಟಕ ಸಂಸ್ಥೆ ಶುರು ಮಾಡಿ ಸುಬ್ಬಣ್ಣನವರು ಮ್ಯಾಗ್ಸೆಸೆ ಪ್ರಶಸ್ತಿ ತಂದ್ರು. ದೇಶದ ಎಲ್ಲೆಲ್ಲಿಂದಲೋ ಜನ ಬರ್ತಾರೆ.

ಹಳೇ ರಂಗಾಸಕ್ತ
ಸಣ್ಣ ತಿದ್ದುಪಡಿ. ನೀನಾಸಂ ಸಂಘ 1949ರದ್ದು. 1980ರಲ್ಲಿ ಶುರುವಾದದ್ದು ರಂಗಶಿಕ್ಷಣ ಕೇಂದ್ರ, ಊರೂರು ಸುತ್ತಿ ನಾಟಕವಾಡುವ ತಿರುಗಾಟ ತಂಡ 1985ರಿಂದ. ಕೆ.ವಿ. ಸುಬ್ಬಣ್ಣನವರಿಗೆ ಮ್ಯಾಗ್ಸೆಸೆ ಬಂದದ್ದು 1991ರಲ್ಲಿ. ಒಂದು ವರ್ಷದ ಡಿಪ್ಲೊಮಾ, ಒಂದು ಬ್ಯಾಚಿನಲ್ಲಿ ಕೆಲವೇ ವಿದ್ಯಾರ್ಥಿಗಳು. ನಿಮ್ಮ ಮಾತಿನ ಹುರುಳು ಸರಿಯಾಗಿದೆ. ಅಲ್ಲಿ ಕಲಿತವರು ರಾಜ್ಯದ ಮೂಲೆಮೂಲೆಯಲ್ಲಿ ಶಾಲೆಗಳಿಗೆ ನಾಟಕ ಮಾಡಿಸುತ್ತಿದ್ದಾರೆ.

ಹೆಗ್ಗೋಡು ಹಾದಿ
ಧನ್ಯವಾದ ಸರ್. ನಾವು ಕಾಲೇಜಿಂದ ತಿರುಗಾಟದ ನಾಟಕ ನೋಡೋಕೆ ಹೋಗ್ತಿದ್ವಿ. ರಾತ್ರಿ ವಾಪಸ್ ಬಸ್ ಇರ್ತಿರಲಿಲ್ಲ, ಲೆಕ್ಚರರ್ ಮನೆಯಲ್ಲೇ ಉಳ್ಕೊಂಡು ಬೆಳಿಗ್ಗೆ ಅವರ ಮನೆಯಲ್ಲೇ ತಿಂಡಿ ತಿಂದು ಕಾಲೇಜಿಗೆ ಹೋಗ್ತಿದ್ವಿ. ದೊಡ್ಡ ಊರಿನ ಕಾಲೇಜಲ್ಲಿ ಇದು ಆಗುತ್ತಾ?

ಕೊಪ್ಪದ ಕಾಫಿ
ಬಸ್ ಅಂದ್ರಲ್ಲ, ಮಲೆನಾಡಿನ ಕಾಲೇಜು ಹುಡುಗರ ಅರ್ಧ ಜೀವನ ಬಸ್ ಸ್ಟ್ಯಾಂಡಲ್ಲೇ ಕಳೆಯುತ್ತೆ. ನಾವು ಓದೋವಾಗ ಸಹಕಾರ ಸಾರಿಗೆ ಇತ್ತು. ಕಾರ್ಮಿಕರೇ ಸೇರಿ ಕಟ್ಟಿದ ಸಂಸ್ಥೆ. ಕಂಡಕ್ಟರಿಗೆ ನಮ್ಮ ಪರೀಕ್ಷೆ ವೇಳಾಪಟ್ಟಿ ಗೊತ್ತಿರ್ತಿತ್ತು, ಐದು ನಿಮಿಷ ನಿಲ್ಲಿಸೋರು. 2020ರಲ್ಲಿ ಅದು ನಿಂತಾಗ ಮನೆಯೋರನ್ನೇ ಕಳ್ಕೊಂಡ ಹಾಗೆ ಆಯ್ತು.

ಶರಾವತಿ ಹಿನ್ನೀರು
ನಮ್ದು ತುಮರಿ ಕಡೆ. ಸಾಗರಕ್ಕೆ ಓದೋಕೆ ಹೋಗೋರಿಗೆ ಲಾಂಚೇ ಗತಿ ಆಗಿತ್ತು. ಕೊನೇ ಲಾಂಚ್ ತಪ್ಪಿದ್ರೆ ಅವತ್ತು ಮನೆ ಇಲ್ಲ. ಹಿನ್ನೀರು ಇಳಿದಾಗ ಇನ್ನೊಂದು ಕಷ್ಟ. ಲಿಂಗನಮಕ್ಕಿ ಅಣೆಕಟ್ಟು ಕಟ್ಟಿದ್ದು 1964ರಲ್ಲಿ, ಅಂಬಾರಗೋಡ್ಲು ಕಳಸವಳ್ಳಿ ಸೇತುವೆ ಉದ್ಘಾಟನೆ ಆಗಿದ್ದು 2025ರ ಜುಲೈಯಲ್ಲಿ. ಮಧ್ಯೆ ಎಷ್ಟು ಮಕ್ಕಳ ಓದು ನೀರಲ್ಲಿ ಹೋಯ್ತೋ. ಹತ್ತಿರದಲ್ಲಿ ಒಂದು ಸಣ್ಣ ಕಾಲೇಜು ಇರೋದು ಏನು ಅಂತ ನಮ್ಮನ್ನ ಕೇಳಿ.

ಜಯನಗರ ನಾಲ್ಕನೇ ಬ್ಲಾಕ್
ಈಗ ಹೆಣ್ಣುಮಕ್ಕಳಿಗೆ ಶಕ್ತಿ ಯೋಜನೆ ಇದೆಯಲ್ಲ, ಬಸ್ ಖರ್ಚಿಲ್ಲದೆ ಶಿವಮೊಗ್ಗಕ್ಕೇ ಓಡಾಡಬಹುದು.

ಕೊಡಚಾದ್ರಿ ಹುಡುಗಿ
ಸರ್, ನಮ್ಮ ಕಡೆ ಓಡೋದು ಹೆಚ್ಚಾಗಿ ಖಾಸಗಿ ಬಸ್. ಶಕ್ತಿ ಸರ್ಕಾರಿ ಬಸ್ಸಿಗೆ ಮಾತ್ರ. ಸರ್ಕಾರಿ ಬಸ್ ಬರೋ ಹೊತ್ತಿಗೂ ಕಾಲೇಜು ಶುರುವಾಗೋ ಹೊತ್ತಿಗೂ ತಾಳೆ ಇಲ್ಲ. ಶಿವಮೊಗ್ಗ ಅಂದ್ರೆ ಹೋಗ್ತಾ ಬರ್ತಾ ಐದು ಗಂಟೆ ಬಸ್ಸಲ್ಲೇ.

ಬಿಸಿಎಂ ಹಾಸ್ಟೆಲ್
ಪಿಜಿ ಬೇಡ, ಹಾಸ್ಟೆಲಿಗೆ ಅರ್ಜಿ ಹಾಕಬಹುದು. ಸೀಟು ಸಿಗೋದು ಕಷ್ಟ ಅನ್ನೋದು ನಿಜ.

ಹಂಪಿ ವಿದ್ಯಾರಣ್ಯ
ಕೊಡಚಾದ್ರಿ ಹುಡುಗಿಗೆ ನೇರವಾಗಿ ಬರೀತೀನಿ, ಸ್ವಲ್ಪ ಉದ್ದ ಆಗುತ್ತೆ.

ನಾನೂ ಚಿಕ್ಕಮಗಳೂರು ಜಿಲ್ಲೆಯ ಒಂದು ಸಣ್ಣ ಕಾಲೇಜಲ್ಲಿ ಬಿಎ ಮಾಡಿ, ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದಲ್ಲಿ ಎಂಎ ಮುಗಿಸಿ, ಈಗ ಹಂಪಿ ಕನ್ನಡ ವಿಶ್ವವಿದ್ಯಾಲಯದಲ್ಲಿ ಇತಿಹಾಸದ ಸಂಶೋಧನೆ ಮಾಡ್ತಿದೀನಿ. ನಿಮ್ಮ ಸರ್ ಕೈಗೆ ಕೊಟ್ಟ ಆ ಎಂಟನೇ ಸಂಪುಟ ನಾನು ಎಂಎಗೆ ಬಂದ ಮೇಲೆ ಮೊದಲ ಸಲ ನೋಡಿದ್ದು. ನಿಮಗೆ ಮೊದಲನೇ ಸೆಮಿಸ್ಟರಲ್ಲೇ ಸಿಕ್ಕಿದೆ. ಹುಂಚದ ಪಂಚಕೂಟ ಬಸದಿಯ 1077ರ ಶಾಸನ ಅದ್ರಲ್ಲಿ "ನಗರ 35", ಅಂದ್ರೆ ನಗರ ತಾಲೂಕಿನ 35ನೇ ಶಾಸನ ಅಂತ ಇದೆ. ಸಾಂತರ ಅರಸು ಮನೆತನದ ಜೊತೆ ನಂಟಿದ್ದ ಚಟ್ಟಲದೇವಿಯ ವಿಷಯ ಬರುತ್ತೆ. ಅದನ್ನ ಪೂರ್ತಿ ಓದಿ, ಆಮೇಲೆ ಹುಂಚಕ್ಕೆ ಹೋಗಿ ಬಸದಿ ನೋಡಿ. ನಿಮಗೆ ಅದು ಬಸ್ಸಲ್ಲಿ ಹೋಗಿಬರೋ ದೂರ. ಬೆಂಗಳೂರಲ್ಲಿ ಇತಿಹಾಸ ಓದೋ ಹುಡುಗಿಗೆ ಅದಕ್ಕೊಂದು ಪ್ರವಾಸವೇ ಬೇಕು. ಬಿದನೂರು ಕೋಟೆ, ಕವಲೇದುರ್ಗ, ಕೆಳದಿಯ ವಸ್ತುಸಂಗ್ರಹಾಲಯ, ಎಲ್ಲ ನಿಮ್ಮ ಸುತ್ತಲೇ. ಇತಿಹಾಸ ಓದೋರಿಗೆ ನಿಮ್ಮ ಕಾಲೇಜು ಇರೋ ಜಾಗವೇ ದೊಡ್ಡ ಗ್ರಂಥಾಲಯ.

ವೀರಗಲ್ಲಿಗೆ ಎಣ್ಣೆ, ಅರಿಶಿನ, ಸೀಮೆಸುಣ್ಣ ಯಾವುದನ್ನೂ ಹಚ್ಚೋಕೆ ಬಿಡಬೇಡಿ. ತಂತಿ ಬ್ರಷ್ ಅಂತೂ ಬೇಡವೇ ಬೇಡ, ಬರೀ ನೀರು ಸಾಕು. ಅಕ್ಷರ ಇದ್ರೆ ಬೆಳಿಗ್ಗೆ ಅಥವಾ ಸಂಜೆ, ಬಿಸಿಲು ಓರೆಯಾಗಿ ಬೀಳುವಾಗ ಫೋಟೋ ತೆಗೆಯಿರಿ.

ಕಳ್ಕೊಳ್ಳೋದು ಏನು ಅಂತ ಕೇಳಿದ್ರಲ್ಲ. ಒಂದು, ಇಂಗ್ಲಿಷ್. ಎಂಎಗೆ ಬಂದಾಗ ಓದಬೇಕಾದ ಪುಸ್ತಕ ಬಹಳಷ್ಟು ಇಂಗ್ಲಿಷಲ್ಲಿತ್ತು, ಮೊದಲ ಸೆಮಿಸ್ಟರ್ ನಿಘಂಟು ಹಿಡ್ಕೊಂಡೇ ಕಳೆದೆ. ಈಗಿಂದಲೇ ದಿನಕ್ಕೆ ಎರಡು ಪುಟ ಓದಿ. ಎರಡು, ಜೊತೆಗೆ ಓಡೋರು ಕಡಿಮೆ. ತರಗತೀಲಿ ನೀವೇ ಮೊದಲು ಅಂದ್ರೆ ನಿಮಗಿಂತ ಮುಂದಿರೋರು ಎಷ್ಟು ಮುಂದಿದಾರೆ ಅಂತ ಗೊತ್ತಾಗಲ್ಲ. ಅದಕ್ಕೆ ಬೇರೆ ಕಾಲೇಜುಗಳ ವಿಚಾರ ಸಂಕಿರಣಕ್ಕೆ ಹೋಗಿ, ಪ್ರಬಂಧ ಓದಿ, ಪ್ರಶ್ನೆ ಕೇಳಿಸ್ಕೊಳ್ಳಿ. ಮೂರು, ಮಾಹಿತಿ ತಡವಾಗಿ ಬರುತ್ತೆ. ಎಂಎ ಪ್ರವೇಶ, ವಿದ್ಯಾರ್ಥಿವೇತನ, ಎಲ್ಲದರ ಕೊನೇ ದಿನಾಂಕ ನೀವೇ ಬೆನ್ನು ಹತ್ತಬೇಕು. ನೀವು ಹತ್ತನೇ ತರಗತಿ, ಪಿಯುಸಿ ಎರಡೂ ಸರ್ಕಾರಿಯಲ್ಲಿ ಓದಿದ್ರೆ ಅಜೀಂ ಪ್ರೇಮ್‌ಜಿ ಪ್ರತಿಷ್ಠಾನದ ವಿದ್ಯಾರ್ಥಿವೇತನ ಹೆಣ್ಣುಮಕ್ಕಳಿಗಿದೆ, ವರ್ಷಕ್ಕೆ 30,000 ರೂಪಾಯಿ. ಅದರ ನಿಯಮ ಓದಿ ನೋಡಿ.

ತುಂಗಾ ತೀರ
ಇದನ್ನ ಮುದ್ರಿಸಿ ಅಪ್ಪನ ಕೈಗೆ ಕೊಡು.

ಕೊಡಚಾದ್ರಿ ಹುಡುಗಿ
ನಗರ 35 ನಾಳೆಯೇ ಹುಡುಕ್ತೀನಿ. ಎಲ್ಲ ಸಂಪುಟ ಗ್ರಂಥಾಲಯದಲ್ಲಿಲ್ಲ, ಸರ್ ಹತ್ರ ಸ್ವಂತ ಪ್ರತಿ ಇದೆ.

ಹಂಪಿ ವಿದ್ಯಾರಣ್ಯ
ರೈಸ್ ಕಾಲದ ಸಂಪುಟಗಳು ಅಂತರ್ಜಾಲದಲ್ಲಿ ಉಚಿತವಾಗಿವೆ, ಮೊಬೈಲಿಗೆ ಇಳಿಸ್ಕೊಳ್ಳಿ. ಇ-ಪುಸ್ತಕಗಳಿಗೆ ಎನ್-ಲಿಸ್ಟ್ ಅನ್ನೋ ಆನ್‌ಲೈನ್ ಸೇವೆ ಇದೆ. ನಿಮ್ಮ ಕಾಲೇಜು ಸದಸ್ಯ ಆಗಿದ್ರೆ ಗ್ರಂಥಪಾಲಕರು ಐಡಿ ಕೊಡ್ತಾರೆ. ಕೇಳೋರಿಲ್ಲ ಅಂತ ಎಷ್ಟೋ ಕಡೆ ಅದು ಸುಮ್ಮನೆ ಬಿದ್ದಿರುತ್ತೆ.

ಎನ್‌ಇಪಿ ಬ್ಯಾಚ್
ಒಂದು ಮಾತು ಸೇರಿಸ್ತೀನಿ. ನಮ್ಮದು ರಾಷ್ಟ್ರೀಯ ಶಿಕ್ಷಣ ನೀತಿ (ಎನ್‌ಇಪಿ) ಬಂದ 2021ರ ಬ್ಯಾಚ್. ಓಪನ್ ಎಲೆಕ್ಟಿವ್ ಅಂತ ಬಂದಾಗ "ನಿಮ್ಮಿಷ್ಟದ ವಿಷಯ ತಗೊಳ್ಳಿ" ಅಂತ ಎಲ್ಲ ಕಡೆ ಹೇಳಿದ್ರು. ಸಣ್ಣ ಕಾಲೇಜಲ್ಲಿ ಇಷ್ಟ ಎಲ್ಲಿಂದ ಬಂತು? ಇದ್ದ ಉಪನ್ಯಾಸಕರು ಯಾವ ವಿಷಯ ಹೇಳ್ತಾರೋ ಅದೇ. ನಂಗೆ ಮನಶ್ಶಾಸ್ತ್ರ ಬೇಕಿತ್ತು, ಸಿಕ್ಕಿಲ್ಲ. ಈಗ 2024ರಿಂದ ಮತ್ತೆ ಮೂರು ವರ್ಷ, ಮೂರು ವಿಷಯ ಬಂದಿದೆ, ಸಣ್ಣ ಕಾಲೇಜಿಗೆ ಅದೇ ಅನುಕೂಲ. ಆದ್ರೆ ಆಯ್ಕೆ ಕಡಿಮೆ ಅನ್ನೋದನ್ನ ಮುಚ್ಚಿಡಬಾರದು.

ಪುತ್ತೂರಿನ ಚೆಂಡೆ
ನಾವು ಯಾರೂ ಮುಚ್ಚಿಡ್ಲಿಲ್ಲ ಅಲ್ಲ? ಅವರಿಗೆ ಬೇಕಾದ ವಿಷಯ ಅಲ್ಲಿ ಉಂಟು, ಚೆನ್ನಾಗಿ ಕಲಿಸುವವರೂ ಇದ್ದಾರೆ. ನಿಮಗೆ ಬೇಕಾದ್ದು ಇರಲಿಲ್ಲ. ಎರಡೂ ಬೇರೆ ಬೇರೆ ಸಂಗತಿ.

ಎನ್‌ಇಪಿ ಬ್ಯಾಚ್
ಅದು ಸರಿ. ಎನ್‌ಎಸ್‌ಎಸ್ ಶಿಬಿರದ ವಿಷಯದಲ್ಲಿ ಮಾತ್ರ ನನ್ನ ಕಾಲೇಜನ್ನ ಯಾವ ಕಾಲೇಜಿಗೂ ಬಿಟ್ಟುಕೊಡಲ್ಲ. ಏಳು ದಿನ ಹಳ್ಳಿ ಶಾಲೇಲಿ ಮಲಗಿ, ಕೆರೆ ಕಾಲುವೆ ಹೂಳು ತೆಗೆದು, ಪ್ರಿನ್ಸಿಪಾಲರೂ ಬುಟ್ಟಿ ಹೊತ್ತರು. ಊರೋರು ದಿನಕ್ಕೊಂದು ಮನೆಯಿಂದ ಅಕ್ಕಿರೊಟ್ಟಿ ಕಳಿಸೋರು.

ಹುನಗುಂದದಾಂವ
ನಮ್ಮ ಕಡೆ ಜ್ವಾಳದ ರೊಟ್ಟಿ, ಶೇಂಗಾ ಚಟ್ನಿ! ಶಿಬಿರದ ಕೊನಿ ದಿನ ಊರಿನ ಮುದುಕ್ಯಾರು ಅಳತಿದ್ರು.

ಜಯನಗರ ನಾಲ್ಕನೇ ಬ್ಲಾಕ್
ಇಷ್ಟೆಲ್ಲ ಓದಿದ ಮೇಲೆ ನನ್ನ ಸಲಹೆ ಹೀಗಿದೆ. ಬಿಎ ಅಲ್ಲೇ ಮುಗಿಸಿ. ಇಂಗ್ಲಿಷ್, ಕಂಪ್ಯೂಟರ್ ಎರಡನ್ನೂ ರಜೆಯಲ್ಲಿ ಹಿಡಿಯಿರಿ. ಎಂಎಗೆ ದೊಡ್ಡ ಜಾಗಕ್ಕೆ ಹೋಗಲೇಬೇಕು, ಆ ಮಾತನ್ನ ಅಪ್ಪನಿಗೆ ಈಗಲೇ ಕೊಡಿ. ಅವರಿಗೆ ಸಮಾಧಾನ ಆಗುತ್ತೆ. ಕೆಲಸದ ಪ್ರಶ್ನೆಯನ್ನ ಮಾತ್ರ ನಾನು ಬಿಡಲ್ಲ. ಇತಿಹಾಸ ಓದಿ ಏನಾಗ್ತೀರಿ ಅನ್ನೋದಕ್ಕೆ ಉತ್ತರ ಸಿದ್ಧ ಇರಲಿ.

ಕೊಡಚಾದ್ರಿ ಹುಡುಗಿ
ಉತ್ತರ ಇದೆ ಸರ್. ಎಂಎ, ಉಪನ್ಯಾಸಕರ ಅರ್ಹತಾ ಪರೀಕ್ಷೆ ಕೆ-ಸೆಟ್, ಆಮೇಲೆ ಇಂಥದೇ ಒಂದು ಕಾಲೇಜಲ್ಲಿ ಪಾಠ ಮಾಡಬೇಕು. ಶನಿವಾರ ನಮ್ಮಲ್ಲಿ ಪೋಷಕರ ಸಭೆ ಇದೆ. ಅಪ್ಪನ್ನ ಕರ್ಕೊಂಡು ಬರ್ತೀನಿ ಅಂತ ಸರಿಗೆ ಹೇಳಿಟ್ಟಿದೀನಿ.

ಒಬ್ಬ ತಂದೆ
ದೊಡ್ಡಪ್ಪನ್ನೂ ಕರಿ.

ರಿಪ್ಪನ್‌ಪೇಟೆ
ಮಧ್ಯೆ ಬಂದಿದ್ದಕ್ಕೆ ಕ್ಷಮಿಸಿ. ನಮ್ಮ ಮಗಳದು ಈ ವರ್ಷ ದ್ವಿತೀಯ ಪಿಯುಸಿ, ಕಾಮರ್ಸ್. ಬಿಕಾಂಗೂ ಊರ ಹತ್ತಿರದ ಸಣ್ಣ ಕಾಲೇಜು ಆಗುತ್ತಾ? ಇಲ್ಲಿ ಎಲ್ಲ ಬಿಎ ಮಾತೇ ಇದೆ.

ಅತಿಥಿ
ಆಗುತ್ತದೆ, ಆದರೆ ಸೇರುವ ಮೊದಲು ಕಾಲೇಜಿಗೆ ಹೋಗಿ ವಿಚಾರಿಸಿ. ಲೆಕ್ಕಶಾಸ್ತ್ರಕ್ಕೆ ಕಾಯಂ ಉಪನ್ಯಾಸಕರು ಇದ್ದಾರೆಯೇ, ಕಂಪ್ಯೂಟರ್ ಲ್ಯಾಬ್ ನಡೆಯುತ್ತಿದೆಯೇ, ಕಳೆದ ವರ್ಷ ಕೊನೆಯ ಸೆಮಿಸ್ಟರಿನಲ್ಲಿ ಎಷ್ಟು ಮಕ್ಕಳು ಪಾಸಾದರು ಎಂದು ಕೇಳಿ. ಕಚೇರಿಯಲ್ಲಿ ಕೇಳುವುದಕ್ಕಿಂತ ಅಲ್ಲಿ ಓದುತ್ತಿರುವ ಇಬ್ಬರು ಮಕ್ಕಳನ್ನು ಕೇಳಿದರೆ ಸರಿಯಾದ ಮಾಹಿತಿ ಸಿಗುತ್ತದೆ.

ರಿಪ್ಪನ್‌ಪೇಟೆ
ಪಕ್ಕದ ಮನೆ ಹುಡುಗಿ ಅಲ್ಲೇ ಓದ್ತಿದಾಳೆ. ಸಂಜೆ ಕೇಳ್ತೀನಿ.